ಹ್ಞೂಂ ಅನ್ನದೆ ಪಾಠ ಕೇಳಲಾರದ ಖಾಜಾಬೀ

ಸುರಪುರಕ್ಕೆ ಬಂದ ಹೊಸದರಲ್ಲಿ ನನಗೆ ಎಲ್ಲದಕ್ಕೂ ಹೆದರಿಕೆ. ನೀರನ್ನು ಕಾಯಿಸಿ, ಆರಿಸಿ, ಸೋಸಿ, ಅನುಮಾನ ಹೋಗದೆ ಮತ್ತೆ ಕಾಯಿಸುತ್ತಿದ್ದೆ. ಮನೆಯ ಹಿಂದೆಯೇ ಬಂಡೆಗುಡ್ಡ; ಅಲ್ಲಿಂದ ಚೇಳು ಇಳಿದು ಬಂದೀತೆಂದು ಮಗಳ ತೊಟ್ಟಿಲಿನ ಕಾಲುಗಳಿಗೆಲ್ಲ ನೀರಿನ ಬಟ್ಟಲು ಇಟ್ಟಿದ್ದೆ. ನನ್ನ ಗಂಡನಿಗೆ ಕಾಲುವೆ ಇಲಾಖೆಯಲ್ಲಿ ಕೆಲಸ. ಬೆಳಿಗ್ಗೆ ಜೀಪು ಹತ್ತಿದರೆ ಸಂಜೆಗೇ ಇಳಿಯುವುದು. ಮೈಸೂರಿನಲ್ಲಿ ಹುಟ್ಟಿ, ಓದಿ, ಅಲ್ಲಿಯದಕ್ಕೆಲ್ಲ ಹೆದರಿ ಮುಗಿಸಿದ್ದವಳು ಇಲ್ಲಿ ಮೇಲಂತಸ್ತಿನ ಬಾಡಿಗೆ ಮನೆಯಲ್ಲಿ ಹೊಸದಾಗಿ ಶುರುಮಾಡಿದ್ದೆ.

ಕೆಳಗಿನ ಮನೆಯಲ್ಲಿ ಮಾಲೀಕರಾದ ಮಕ್ತುಂಬಿ, ಅವರ ಮಗ ಹಾಶಿಮ, ಸೊಸೆ ಖಾಜಾಬೀ. ದಿನಾ ಮಧ್ಯಾಹ್ನ ಮಗಳು ಮಲಗುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಒಂದು ದನಿ ಮೆಟ್ಟಿಲು ಹತ್ತಿಕೊಂಡು ಬರುತ್ತಿತ್ತು.

"ಹ್ಞೂಂ... ಹ್ಞೂಂ... ಹೌದ್ರೀ?... ಅಯ್ಯ ಶಿವನೇ, ಮುಂದ?"

ಯಾರೋ ಯಾರದೋ ಸಂಸಾರದ ಗುಟ್ಟು ಹೇಳುತ್ತಿದ್ದಾರೆ, ಖಾಜಾಬೀ ಬಾಯಿ ತೆರೆದು ಕೇಳುತ್ತಿದ್ದಾಳೆ ಎಂದುಕೊಂಡೆ. ದೇವರಾಣೆಗೂ ಕದ್ದು ಕೇಳುವ ಬುದ್ಧಿ ನನ್ನದಲ್ಲ. ಆದರೆ ಮಗು ಏಳುತ್ತದೋ ಎಂದು ನೋಡಲು ಹೊರಗೆ ಬಂದವಳು ಮೆಟ್ಟಿಲ ತನಕ ಹೋದೆ, ಮೆಟ್ಟಿಲ ತನಕ ಹೋದವಳು ಬಗ್ಗಿದೆ. ಕೆಳಗೆ ಹೊಲಿಗೆ ಯಂತ್ರದ ಹಿಂದೆ ಖಾಜಾಬೀ ಕೂತಿದ್ದಾಳೆ. ದಾರದ ಡಬ್ಬಿಗೆ ಫೋನು ಆನಿಸಿದೆ. ಫೋನಿನೊಳಗಿನ ಹೆಂಗಸು ಸಂಸಾರದ ಗುಟ್ಟೇನೂ ಹೇಳುತ್ತಿರಲಿಲ್ಲ.

"ಬೆಲೆ ಏರಿದಂತೆ ಬೇಡಿಕೆ ಇಳಿಯುತ್ತದೆ," ಎನ್ನುತ್ತಿದ್ದರು.

"ಇಳೀಲೇಬೇಕಲ್ರೀ," ಎಂದಳು ಖಾಜಾಬೀ, ಬಹಳ ಕನಿಕರದಿಂದ.

ಅದು ಅರ್ಥಶಾಸ್ತ್ರದ ತರಗತಿ.

ಖಾಜಾಬೀ ಪಿಯುಸಿ ಮುಗಿಸಿ ಮದುವೆಯಾದವಳು. ಎರಡು ಹೆಣ್ಣು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲೇ ಕೂತು ಓದುವ ಬಿ.ಎ.ಗೆ ಹೆಸರು ಹಚ್ಚಿಸಿದ್ದಳು. ಬೇರೆ ಎಲ್ಲ ವಿಷಯ ಮುಗಿದಿತ್ತು, ಅರ್ಥಶಾಸ್ತ್ರ ಮಾತ್ರ ಅವಳನ್ನು ಬಿಡುತ್ತಿರಲಿಲ್ಲ. ಶಹಾಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನವರು ಅವಳನ್ನು ಸಹಾಯಕ ವಾರ್ಡನ್ ಮಾಡಿಕೊಳ್ಳಲು ಒಪ್ಪಿದ್ದರು, ಪದವಿ ಕೈಗೆ ಬಂದರೆ. ಪದವಿ ಮುಗಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಗಡುವು ಈ ವರ್ಷಕ್ಕೆ ಮುಗಿಯುತ್ತಿತ್ತು. ಈಗ ತಪ್ಪಿದರೆ ಹೆಸರು ತೆಗೆದುಹಾಕುತ್ತಾರೆ, ಹಾಸ್ಟೆಲಿನವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ನನ್ನ ಕುಪ್ಪಸದ ಅಳತೆ ತೆಗೆಯುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಸೂಜಿ ನುಂಗಿಬಿಟ್ಟರೆ ಎಂಬ ಭಯದಲ್ಲಿ ನಾನು ಅರ್ಧವನ್ನಷ್ಟೇ ಕೇಳಿದೆ.

"ಅದೆಲ್ಲ ಸರಿ, ಆದರೆ ಕ್ಲಾಸಿನಲ್ಲಿ ಯಾಕೆ ಹ್ಞೂಂ ಹ್ಞೂಂ ಅಂತೀರಿ ಅಕ್ಕ? ಮ್ಯೂಟ್ ಮಾಡೋದಲ್ವಾ?"

ಖಾಜಾಬೀ ಸೂಜಿ ತೆಗೆದು ನನ್ನನ್ನು ನೋಡಿದಳು. "ಒಬ್ಬಾಕಿ ತಾಸುಗಟ್ಲೆ ಮಾತಾಡಾಕತ್ತಾಳ್ರಿ ಅಕ್ಕಾರ. ಎದುರಿಗೆ ಇಷ್ಟು ಮಂದಿ ಕುಂತು ಒಬ್ರೂ ಹ್ಞೂಂ ಅನ್ನಲಿಲ್ಲಂದ್ರ ಆಕಿಗೆ ಹೆಂಗ ಅನ್ನಿಸಬೇಕು? ಎಲ್ಲಾರೂ ಕರೀ ಚೌಕದೊಳಗ ಮುಚ್ಕೊಂಡು ಕುಂತಿರ್ತಾರ. ಒಂದು ಮಾರಿ ಇಲ್ಲ, ಒಂದು ದನಿ ಇಲ್ಲ. ಬಾವಿಯೊಳಗ ಬಗ್ಗಿ ಮಾತಾಡಿದ್ರೂ ತಿರುಗಿ ದನಿ ಬರ್ತದ್ರಿ."

ಪಕ್ಕದಲ್ಲಿ ಅಡಕೆ ಕತ್ತರಿಸುತ್ತಿದ್ದ ಅತ್ತೆ ಮಕ್ತುಂಬಿ ತಲೆ ಎತ್ತಿದರು. "ಆ ಮೇಡಮ್ಮಗ ಮಕ್ಕಳು ಎಷ್ಟಂತ ಕೇಳಿದ್ಯೇನ? ದನಿ ಭಾಳ ಸೋತಂಗ ಅದ."

"ಅಮ್ಮೀ, ಅದು ಕ್ಲಾಸು."

"ಕ್ಲಾಸು ಅಂದ್ರ ಮಕ್ಕಳು ಆಗಂಗಿಲ್ಲೇನು?"

ಈ ಓಣಿಯ ಪದ್ಧತಿ ನನಗೆ ಬರಬರುತ್ತಾ ತಿಳಿಯಿತು. ಇಲ್ಲಿ ಒಬ್ಬರು ಮಾತು ಶುರುಮಾಡಿದರೆ ಕೇಳುವವರು ಪ್ರತಿ ಮಾತಿಗೂ ಒಂದು ಹ್ಞೂಂ ಕೊಡಬೇಕು. ಕೊಡದಿದ್ದರೆ ಹೇಳುವವರು ನಿಲ್ಲಿಸಿ, "ಯಾಕ, ಸಿಟ್ಟಾಗಿದ್ದೇನು?" ಎಂದು ಕೇಳುತ್ತಾರೆ. ಹ್ಞೂಂ ಎಂದರೆ ತಿಳಿಯಿತು, ಮುಂದೆ ಹೇಳು ಎಂದು. ಹ್ಞೂಂ ನಿಂತರೆ ತಿಳಿಯಲಿಲ್ಲ, ಇಲ್ಲವೆ ನಂಬಲಿಲ್ಲ ಎಂದು. ನಾನು ಮೈಸೂರಿನ ಶಿಸ್ತಿನಲ್ಲಿ ಬಾಯಿ ಮುಚ್ಚಿ ಕೇಳುತ್ತಿದ್ದುದರಿಂದ, ಎದುರು ಮನೆಯ ಗುರುಲಿಂಗಮ್ಮ ನಾನು ಬಹಳ ಸೊಕ್ಕಿನವಳೆಂದು ಆಗಲೇ ಓಣಿಗೆಲ್ಲ ಹೇಳಿಯಾಗಿತ್ತಂತೆ.

ಹಾಶಿಮ ಒಬ್ಬನೇ ಈ ಪದ್ಧತಿಗೆ ಹೊರಗು. ಅವನದು ಪಂಪ್‌ಸೆಟ್ ಮೋಟರುಗಳ ವೈಂಡಿಂಗ್ ಅಂಗಡಿ. ದೇವಾಪುರದ ಕಡೆಯ ರೈತರ ಸುಟ್ಟ ಮೋಟರುಗಳ ಜೊತೆ ದಿನ ಕಳೆಯುವ ಮನುಷ್ಯ, ಮಾತು ಆಡುವುದೂ ಇಲ್ಲ, ಹ್ಞೂಂ ಅನ್ನುವುದೂ ಇಲ್ಲ. "ಇವ್ರಿಗೆ ಒಂದು ಕಥಿ ಹೇಳಿ ಮುಗಿಸ್ಬೇಕಂದ್ರ ನಾನೇ ಹೇಳಿ ನಾನೇ ಹ್ಞೂಂ ಅನಬೇಕ್ರಿ," ಎಂದು ಖಾಜಾಬೀ ಅವನ ಎದುರಿಗೇ ಹೇಳಿದಳು. ಅವನು ನಕ್ಕು ಬೈಕು ಹತ್ತಿ ಹೋದ.

ತೊಂದರೆ ಶುರುವಾದದ್ದು ಒಂದು ಸೋಮವಾರ. ಅರ್ಥಶಾಸ್ತ್ರದ ರೇಣುಕಾದೇವಿ ಮೇಡಂ ಪಾಠ ನಡುವೆ ನಿಲ್ಲಿಸಿದರು.

"ಯಾರದು? ಅರ್ಧಗಂಟೆಯಿಂದ ಹ್ಞೂಂ ಹ್ಞೂಂ ಅಂತ ಶಬ್ದ ಬರ್ತಿದೆ. ಮ್ಯೂಟ್ ಮಾಡಿಕೊಳ್ಳಿ."

"ನಾನ್ರಿ ಮೇಡಂ, ಖಾಜಾಬೀ, ಸುರಪುರ," ಎಂದಳು ಇವಳು ಸಂತೋಷದಿಂದ. ಕೊನೆಗೂ ಮೇಡಂ ವಿಚಾರಿಸಿದರಲ್ಲ! "ನೀವು ಹೇಳ್ರಿ. ನಾ ಕೇಳಾಕತ್ತೀನಿ."

"ಕೇಳೋದಕ್ಕೆ ಶಬ್ದ ಬೇಡ."

"ಅಲ್ರೀ ಮೇಡಂ, ನೀವು ಒಬ್ರೇ..."

"ಖಾಜಾಬೀ, ಇದು ಕೊನೆಯ ಸಲ. ಇನ್ನೊಮ್ಮೆ ತರಗತಿಗೆ ಅಡ್ಡಿಯಾದರೆ ಹೊರಗೆ ಹಾಕ್ತೀನಿ. ಹಾಜರಿ ಇಲ್ಲ ಅಂದರೆ ಹಾಲ್ ಟಿಕೆಟ್ ಇಲ್ಲ. ತಿಳೀತಾ?"

ಖಾಜಾಬೀ ಬಾಯಿ ತೆರೆದಳು. ಇಂಥ ಪ್ರಶ್ನೆಗೆ ಹ್ಞೂಂ ಅನ್ನಬೇಕೋ ಬಾರದೋ ಎಂದು ತಿಳಿಯದೆ ಹಾಗೇ ಮುಚ್ಚಿದಳು.

ಅಂದು ಸಂಜೆ ಅವಳಿಗಿಂತ ಹೆಚ್ಚು ಕಂಗಾಲಾದವಳು ನಾನು. ಮಗಳು ಹೊಟ್ಟೆಯಲ್ಲಿದ್ದಾಗ ನಾನೂ ಫೋನಿನಲ್ಲೇ ಒಂದು ಕೋರ್ಸು ಮುಗಿಸಿದ್ದೆ. ಆದ್ದರಿಂದ ಇದರ ಸಕಲ ವಿದ್ಯೆಯೂ ನನಗೆ ಗೊತ್ತೆಂಬ ನಂಬಿಕೆ. ಓದಲು ಒಂದು ಬೇರೆ ಜಾಗ ಬೇಕು, ಬಾಗಿಲು ಹಾಕಿಕೊಳ್ಳಬೇಕು, ಕಿವಿಗೆ ಹೆಡ್‌ಫೋನ್ ಹಾಕಬೇಕು, ಬೇರೆ ಕೆಲಸ ಮುಟ್ಟಬಾರದು, ಗಂಟೆಗೊಮ್ಮೆ ಎದ್ದು ನೀರು ಕುಡಿಯಬೇಕು. ಕುದಿಸಿ ಆರಿಸಿದ ನೀರು. ನನ್ನ ಮನೆಯ ಒಳಕೋಣೆಯನ್ನೇ ಬಿಟ್ಟುಕೊಟ್ಟೆ.

"ನಾಳೆಯಿಂದ ಮೇಲೆ ಬನ್ನಿ ಅಕ್ಕ. ಬಾಗಿಲು ಹಾಕಿಕೊಂಡು ಕೂತ್ಕೊಳ್ಳಿ. ಯಾರೂ ಬರಲ್ಲ."

"ಒಬ್ಬಾಕಿನೇ?"

"ಒಬ್ಬರೇ. ಓದೋದು ಅಂದರೆ ಹಾಗೇ ಅಲ್ವಾ?"

"ಹಗಲ ಹೊತ್ತಿನ್ಯಾಗ ಬಾಗಲಾ ಹಾಕ್ಕೊಂಡು?" ಖಾಜಾಬೀ ನನ್ನನ್ನು ನೋಡಿದ ರೀತಿಯಲ್ಲಿ, ಮೈಸೂರಿನಲ್ಲಿ ಏನೇನು ನಡೆಯುತ್ತದೋ ಎಂಬ ಅನುಮಾನವಿತ್ತು.

ಮರುದಿನ ಬಂದಳು, ಬಾಗಿಲು ಹಾಕಿಕೊಂಡಳು. ತರಗತಿ ಶುರುವಾಗಿ ಸ್ವಲ್ಪ ಹೊತ್ತಿಗೆ ಕೆಳಗಿನ ಬಾಗಿಲಲ್ಲಿ ಗುರುಲಿಂಗಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದರು.

"ಖಾಜಾ ಮ್ಯಾಲ ಹೋಗಿ ಬಾಗಲಾ ಹಾಕ್ಕೊಂಡಾಳಂತ? ಅತ್ತಿ ಸೊಸಿ ಜಗಳಾಡಿದ್ರೇನ?"

"ಇಲ್ಲ ಅಮ್ಮ, ಓದ್ತಾ ಇದ್ದಾರೆ."

"ಓದಾಕ ಬಾಗಲಾ ಯಾಕವ್ವಾ? ಯಾರರ ಪುಸ್ತಕ ಕದೀತಾರೇನು?" ಎಂದವರೇ ಮೆಟ್ಟಿಲಲ್ಲಿ ನಿಂತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ ಮೇಲೆ ಹತ್ತಿ, ಬಾಗಿಲು ಬಡಿದರು. "ಖಾಜಾ, ತಂಗೀ, ಮನಸಿಗೆ ಹಚ್ಕೋಬ್ಯಾಡ. ಮಜ್ಜಿಗಿ ತಂದೀನಿ. ಅತ್ತಿ ಅಂದಮ್ಯಾಲ ಒಂದು ಮಾತು ಅಂತಾಳ."

ಅತ್ತೆ ಮಕ್ತುಂಬಿ ಕೆಳಗಿನಿಂದ ಕೂಗಿದರು. "ನಾ ಏನಂದೀನಿ? ನಾ ಏನೂ ಅಂದಿಲ್ಲಲ್ಲ! ಖಾಜಾ, ನಾ ಏನರ ಅಂದ್ನೇನ?"

ಅಷ್ಟರಲ್ಲಿ ನನ್ನ ಮಗಳು ಎದ್ದು ಅತ್ತಳು. ಕೋಣೆಯ ಪ್ರಯೋಗ ಅಂದಿಗೇ ಮುಗಿಯಿತು.

ಆಮೇಲೆ ನಾನು ಇನ್ನೊಂದು ಉಪಾಯ ಹಿಡಿದೆ. ಖಾಜಾಬೀಯ ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಫೋನಿನ ಮೈಕಿನ ಗುಂಡಿಯನ್ನು ನಾನೇ ಕಾಯತೊಡಗಿದೆ. ಅವಳ ಕೈ ಅತ್ತ ಹೋದರೆ ತಡೆಯುತ್ತಿದ್ದೆ. ಅವಳ ಹೊಲಿಗೆಯನ್ನೂ ನಿಲ್ಲಿಸಿದೆ. ತರಗತಿಯಲ್ಲಿ ಈಗ ಯಾವ ಸದ್ದೂ ಇಲ್ಲ. ರೇಣುಕಾದೇವಿ ಮೇಡಂ ನೆಮ್ಮದಿಯಾಗಿ ಪಾಠ ಮಾಡಿದರು. ಖಾಜಾಬೀ ಇನ್ನೂ ನೆಮ್ಮದಿಯಾಗಿ ತೂಕಡಿಸಿದಳು.

ಮೊದಲ ದಿನ ಗಲ್ಲ ಎದೆಗೆ ತಾಗಿತು. ಮರುದಿನ ಗೋಡೆಗೆ ಆನಿದಳು. ಆ ವಾರ ನಡೆದ ಕಿರುಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ನೋಡಿ ನಾನು ಫೋನನ್ನೇ ತಿರುಗಿಸಿ ನೋಡಿದೆ, ಆರು ತಿರುಗಿದರೆ ಒಂಬತ್ತಾಗುವ ಹಾಗೆ ಇದೂ ಹೆಚ್ಚಾದೀತೇನೋ ಎಂದು. ಮೂರನ್ನು ಹೇಗೆ ತಿರುಗಿಸಿದರೂ ಮೂರೇ.

"ಬಾಯಿ ಮುಚ್ಚಿದ್ರ ಕಿವಿನೂ ಮುಚ್ಕೋತಾವ್ರಿ ಅಕ್ಕಾರ," ಎಂದಳು ಖಾಜಾಬೀ. ನನ್ನ ಮೇಲೆ ಸಿಟ್ಟಿಲ್ಲ, ದೂರಿಲ್ಲ. ತನಗೇ ಯಾಕೋ ಹೀಗಾಗುತ್ತದೆ ಎಂಬ ಬೆರಗು. "ಹ್ಞೂಂ ಅಂದ್ರ ಮಾತು ಒಳಗ ಇಳೀತದ. ಇಲ್ಲಂದ್ರ ಮ್ಯಾಲೇ ಹಾದು ಹೋಗ್ತದ."

ಉಳಿದದ್ದು ಒಂದೇ ದಾರಿ, ಮೌಖಿಕ ಪರೀಕ್ಷೆ. ಅದೂ ಫೋನಿನಲ್ಲೇ, ಮೇಡಂ ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಚೆನ್ನಾಗಿ ಹೇಳಿದರೆ ಕಿರುಪರೀಕ್ಷೆಯ ಮೂರು ಮುಚ್ಚಿಹೋಗಿ ಹಾಲ್ ಟಿಕೆಟ್ ಸಿಗುತ್ತದೆ. ಇಲ್ಲದಿದ್ದರೆ ಇಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಖಾಜಾಬೀಗೆ ಬಂದಿತ್ತಂತೆ.

ಆದರೆ ಅವಳೇನೂ ಸುಮ್ಮನೆ ಕೂರಲಿಲ್ಲ. ಮರುದಿನ ಬಾಗಿಲ ಮುಂದಿನ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿದಳು. ಗುರುಲಿಂಗಮ್ಮ ಹೇಗೂ ಅಲ್ಲಿದ್ದರು. ಕುಪ್ಪಸ ಇಸಿದುಕೊಳ್ಳಲು ಬಂದಿದ್ದ ರಂಗಂಪೇಟೆಯ ಗೊಲ್ಲಾಳಮ್ಮನನ್ನೂ, "ಗುಂಡಿ ಹಚ್ಚೋದು ಉಳದದ, ಕುಂಡ್ರು," ಎಂದು ಹಿಡಿದು ಹಾಕಿದಳು. ಗುಂಡಿ ಹಚ್ಚಿಯಾಗಿತ್ತು, ನಾನೇ ನೋಡಿದ್ದೆ.

"ಇವತ್ತು ಮೇಡಂ ಹೇಳಿದ್ದು ಹೇಳ್ತೀನಿ, ಕೇಳ್ರಿ. ಒಬ್ಬ ಮನುಷ್ಯಾ ಇದ್ದ."

"ಹ್ಞೂಂ," ಎಂದರು ಮೂವರೂ.

"ಅವಗ ಭಾಳ ಹಸಿವಾಗಿತ್ತು. ಮಿರ್ಚಿ ಭಜಿ ತಿನ್ನಾಕ ಕುಂತ."

"ಹ್ಞೂಂ."

"ಮೊದಲ್ನೇ ಭಜಿ ತಿಂದ, ಭಾಳ ರುಚಿ ಹತ್ತಿತು. ಎರಡನೇದು ತಿಂದ, ರುಚಿ ಹತ್ತಿತು, ಖರೇ ಮೊದಲ್ನೇದರಷ್ಟು ಇಲ್ಲ. ಮೂರನೇದು ಇನ್ನೀಟು ಕಮ್ಮಿ. ಇದಕ್ಕ ಇಳಿಮುಖ ಸೀಮಾಂತ ತುಷ್ಟಿಗುಣ ಅಂತಾರ."

ಹ್ಞೂಂ ಬರಲಿಲ್ಲ. ಮಕ್ತುಂಬಿ ಅಡಕೊತ್ತು ಕೆಳಗಿಟ್ಟರು.

"ಯಾರು ಹೇಳಿದ್ರು ಕಮ್ಮಿ ಅಂತ?"

"ಮೇಡಂ ಹೇಳ್ಯಾರ ಅಮ್ಮೀ."

"ಆಕಿ ಎಂಥಾ ಭಜಿ ತಿಂದಾಳ? ಮೂರನೇದಕ್ಕ ರುಚಿ ಕಮ್ಮಿ ಆಗ್ತದಂದ್ರ ಆ ಭಜಿ ಕರಿದಾಕೀದು ತಪ್ಪು."

"ಕರಿಯೋರು ನಾವೇ ಆದ್ರ ಮೊದಲ್ನೇದೂ ರುಚಿ ಹತ್ತಂಗಿಲ್ಲ ಬಿಡು," ಎಂದರು ಗುರುಲಿಂಗಮ್ಮ. "ಎಣ್ಣಿ ಹೊಗಿಗೇ ಹೊಟ್ಟಿ ತುಂಬ್ತದ."

"ಹೊಟ್ಟಿ ತುಂಬ್ತದಲ್ಲ, ಅದನ್ನೇ ಹೇಳಾಕತ್ತೀನಿ!" ಖಾಜಾಬೀ ಹಿಡಿದುಕೊಂಡಳು. "ಹೊಟ್ಟಿ ತುಂಬ್ಕೋತ ಹೋದಂಗ ಆಸಿ ಕಮ್ಮಿ ಆಗ್ತದ. ಭಜೀದು ತಪ್ಪಲ್ಲ ಅಮ್ಮೀ, ಹೊಟ್ಟೀದು."

ಮಕ್ತುಂಬಿ ಯೋಚಿಸಿದರು. ಅವರ ಹ್ಞೂಂ ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ. "ಹಂಗಾದ್ರ ಎಂಟನೇದು ತಿಂದ್ರ?"

"ಹೊಟ್ಟಿ ನೋಯ್ತದ. ಆಗ ತುಷ್ಟಿ ಸೊನ್ನಿಗಿಂತ ಕೆಳಗ ಹೋಗ್ತದ."

"ಹ್ಞೂಂ," ಎಂದರು ಕೊನೆಗೆ. ಮದುವೆಯೊಂದರಲ್ಲಿ ಹೀಗೇ ಆಗಿತ್ತಂತೆ.

ಗೊಲ್ಲಾಳಮ್ಮ ಗುಂಡಿಯ ವಿಷಯ ಮರೆತೇಬಿಟ್ಟಳು. ಮರುದಿನ ಯಾವ ಕುಪ್ಪಸವೂ ಇಲ್ಲದೆ ಬಂದು ಕೂತಳು. ಆ ವಾರವೆಲ್ಲ ಕಟ್ಟೆಯ ಮೇಲೆ ಪಾಠ ನಡೆಯಿತು. ತರಗತಿಯ ಹೊತ್ತಿಗೆ ಖಾಜಾಬೀ ಬಾಯಿ ಬಿಗಿಹಿಡಿದು, ತೂಕಡಿಕೆ ಬಂದರೆ ತೊಡೆ ಚಿವುಟಿಕೊಂಡು ಕೇಳುವಳು. ಸಂಜೆ ಮೂವರಿಗೆ ಹೇಳಬೇಕಲ್ಲ ಎಂಬ ಭಯ ಈಗ ಅವಳಿಗೆ ನಿದ್ದೆ ಕೊಡುತ್ತಿರಲಿಲ್ಲ. ಎಲ್ಲಿ ಹ್ಞೂಂ ನಿಲ್ಲುತ್ತದೋ ಅಲ್ಲಿ ತನಗೇ ತಿಳಿದಿಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು. ಆಗ ಪುಸ್ತಕ ತೆರೆಯುವಳು, ಇಲ್ಲವೆ ನನ್ನನ್ನು ಕೂಗುವಳು. ನಾನು ಹೇಳಿದ ಅರ್ಥ ಮಕ್ತುಂಬಿಯವರ ಹತ್ತಿರ ಎರಡು ಸಲ ನಪಾಸಾಗಿ ವಾಪಸು ಬಂತು. "ಮೈಸೂರ ಅಕ್ಕ ಹೇಳಿದ್ದು ಬಾಯಿಪಾಠ ಅದ. ನೀ ಬ್ಯಾರೆ ಹೇಳು," ಎಂದರಂತೆ.

ನನಗೆ ಮಾತ್ರ ಸಮಾಧಾನವಿಲ್ಲ. ಕಟ್ಟೆಯ ಮೇಲೆ ಹೇಳುವುದು ಬೇರೆ, ಪರೀಕ್ಷೆ ಬೇರೆ. ಕರೆಂಟು ಹೋದರೆ? ಫೋನಿನ ಚಾರ್ಜು ಮುಗಿದರೆ? ಪರೀಕ್ಷೆಯ ಹೊತ್ತಿಗೇ ಸೊಪ್ಪಿನವಳು ಕೂಗಿದರೆ? ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂದು ಮೇಡಂ ಮೊದಲೇ ಹೇಳಿದ್ದರು. ಮಕ್ತುಂಬಿಗೆ ಇದು ದೊಡ್ಡ ಅವಮಾನವಾಯಿತು.

"ಇಷ್ಟು ದಿನಾ ನಾ ಹ್ಞೂಂ ಅಂದೀನಿ. ಈಗ ಹೊರಗ ಹೋಗು ಅಂತೀರಿ."

"ಅಮ್ಮೀ, ಒಂದೀಟು ಹೊತ್ತು. ಕಟ್ಟಿ ಮ್ಯಾಲ ಕುಂಡ್ರು."

"ಮೆಲ್ಲಕ ಅಂತೀನಲ್ಲ. ಫೋನಿಗೆ ಕೇಳಂಗಿಲ್ಲ."

"ನಿನ್ನ ಮೆಲ್ಲಕ ಶಹಾಪುರಕ್ಕ ಕೇಳ್ತದ."

ಆ ದಿನ ಗುರುಲಿಂಗಮ್ಮ ಓಣಿಯ ಬಾಯಲ್ಲಿ ಕುರ್ಚಿ ಹಾಕಿ ಕೂತು, ಬರುವ ಗಾಡಿಯವರನ್ನೆಲ್ಲ ಕೈಸನ್ನೆಯಿಂದ ಆಚೆ ಓಣಿಗೆ ಅಟ್ಟಿದರು. ಮಕ್ತುಂಬಿ ಕಟ್ಟೆಯ ಮೇಲೆ ನಮ್ಮ ಕಡೆಗೆ ಬೆನ್ನು ಮಾಡಿ ಕೂತರು. ನಾನು ಬಾಗಿಲಿನ ಪರದೆಯ ಹಿಂದೆ, ಮಗಳ ಬಾಯಿಗೆ ಬಿಸ್ಕತ್ತು ಇಟ್ಟು ನಿಂತೆ. ಒಳಗೆ ಖಾಜಾಬೀ ಒಬ್ಬಳೇ, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಫೋನಿನ ಮುಂದೆ.

"ಸೀಮಾಂತ ತುಷ್ಟಿಗುಣ ಅಂದರೇನು? ವಿವರಿಸಿ," ಎಂದರು ರೇಣುಕಾದೇವಿ ಮೇಡಂ.

ಭಜಿಯ ಪಾಠ! ನಾನು ಪರದೆಯ ಹಿಂದೆ ಮಗಳಿಗೆ ಮುತ್ತಿಟ್ಟೆ.

"ಹೇಳ್ತೀನ್ರಿ ಮೇಡಂ. ಮನುಷ್ಯಾ ಒಂದು ವಸ್ತು ತಗೋತಾನ್ರಿ," ಎಂದಳು ಖಾಜಾಬೀ. ನಿಂತಳು.

ಅತ್ತ ಸದ್ದಿಲ್ಲ. ಮೇಡಂ ಕಾಯುತ್ತಿದ್ದಾರೆ. ಇವಳೂ ಕಾಯುತ್ತಿದ್ದಾಳೆ.

"ಮೇಡಂ? ಅದೀರೇನ್ರಿ?"

"ಇದ್ದೇನೆ. ಮುಂದುವರಿಸಿ."

"ಅದರಿಂದ ಅವಗ ಒಂದು ಸಮಾಧಾನ ಸಿಗ್ತದ್ರಿ." ಮತ್ತೆ ನಿಂತಳು. ಮತ್ತೆ ಸದ್ದಿಲ್ಲ. "ಮತ್ತ... ಇನ್ನೊಂದು ತಗೋತಾನ್ರಿ."

ಅವಳ ಕೈಬೆರಳು ಸೆರಗಿನ ಅಂಚನ್ನು ಸುತ್ತುತ್ತಿದ್ದುದು ಪರದೆಯ ಸಂದಿಯಿಂದ ನನಗೆ ಕಾಣುತ್ತಿತ್ತು. ಅಷ್ಟು ಸಲ ಹೇಳಿದ ಪಾಠ, ಒಂದು ಹ್ಞೂಂ ಇಲ್ಲದೆ ಮುಂದೆ ಸಾಗುತ್ತಿರಲಿಲ್ಲ.

"ನೋಡಿ ಖಾಜಾಬೀ, ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ. ಇನ್ನೂ ಬಹಳ ಮಂದಿ ಕಾಯ್ತಿದ್ದಾರೆ."

ನಾನೇ ಪರದೆಯ ಹಿಂದಿನಿಂದ ಹ್ಞೂಂ ಎಂದುಬಿಡಲೇ ಎನ್ನಿಸಿತು. ಎಂದರೆ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆಂದು ಅಲ್ಲಿಗೇ ಮುಗಿಯುತ್ತದೆ. ಸುಮ್ಮನಿದ್ದರೂ ಮುಗಿಯುತ್ತದೆ.

"ಗೊತ್ತದ್ರಿ ಮೇಡಂ," ಎಂದಳು ಖಾಜಾಬೀ. "ಪೂರಾ ಗೊತ್ತದ. ಖರೇ ನೀವು ಸುಮ್ಮ ಕುಂತ್ರ ನನಗ ಬಾಯಿ ಬರವಲ್ದು. ತಪ್ಪು ತಿಳ್ಕೋಬ್ಯಾಡ್ರಿ. ನೀವು ಒಂದೊಂದು ಹ್ಞೂಂ ಅಂದ್ರ ನಾ ಹೇಳ್ಕೋತ ಹೋಗ್ತೀನ್ರಿ. ನಮ್ಮ ಕಡಿ ಹಂಗೇ ರೂಢಿ. ಅವತ್ತು ನಿಮಗ ಅಡ್ಡಿ ಮಾಡಬೇಕಂತ ಹ್ಞೂಂ ಅಂದಿದ್ದಲ್ರಿ, ನೀವು ಒಬ್ರೇ ಮಾತಾಡಾಕತ್ತಿದ್ರಿ ಅಂತ ಅಂದಿದ್ದೆ."

ಮಗಳು ಬಿಸ್ಕತ್ತು ಮುಗಿಸಿದಳು. ಹೋಯಿತು, ಶಹಾಪುರ ಹೋಯಿತು ಎಂದುಕೊಂಡೆ.

"ಹ್ಞೂಂ," ಎಂದರು ಮೇಡಂ.

ಅಲ್ಲಿಂದ ಖಾಜಾಬೀಯನ್ನು ಹಿಡಿಯುವವರಿರಲಿಲ್ಲ. ಹಸಿದ ಮನುಷ್ಯ ಬಂದ, ಭಜಿ ಬಂತು, ಮೊದಲನೆಯದು, ಎರಡನೆಯದು, ಹ್ಞೂಂ, ಹ್ಞೂಂ. "ಹಿಂಗ ಎರಡನೇದರಿಂದ ಒಟ್ಟು ತುಷ್ಟಿ ಇಳೀತದ್ರಿ," ಎಂದಳು. ಹ್ಞೂಂ ಬರಲಿಲ್ಲ. ಖಾಜಾಬೀ ತಟ್ಟನೆ ನಿಂತಳು. "ತಡೀರಿ ಮೇಡಂ. ಒಟ್ಟು ಇಳಿಯಂಗಿಲ್ರಿ. ಒಟ್ಟು ಏರ್ತದ, ಒಂದೊಂದಕ್ಕ ಸಿಗೋ ಹೆಚ್ಚಿಗೀದು ಇಳೀತದ."

"ಹ್ಞೂಂ." ಆಮೇಲೆ ಮೇಡಂ ಅವಳನ್ನು ತಡೆದರು. "ಖಾಜಾಬೀ, ನಾನು ಹ್ಞೂಂ ಅನ್ನದಿದ್ದ ಕೂಡಲೇ ನೀವು ಉತ್ತರ ತಿದ್ದಿಕೊಂಡಿರಿ."

"ಹೌದಲ್ರೀ ಮೇಡಂ. ಹ್ಞೂಂ ಇರೋದೇ ಅದಕ್ಕ."

"ಅದು ನಿಮ್ಮ ಕಡೆ ಮಾತಿಗೆ ಸರಿ. ಇದು ಪರೀಕ್ಷೆ." ಮೇಡಂ ನಗುತ್ತಿದ್ದರೋ ಸಿಟ್ಟಾಗಿದ್ದರೋ ನನಗೆ ಪರದೆಯ ಹಿಂದಿನಿಂದ ತಿಳಿಯಲಿಲ್ಲ. "ಇನ್ನು ಮೇಲೆ ಸರಿ ಇದ್ದರೂ ಹ್ಞೂಂ, ತಪ್ಪಿದ್ದರೂ ಹ್ಞೂಂ. ನೀವೇ ನೋಡಿಕೊಳ್ಳಿ. ಬೇಡಿಕೆಯ ಸ್ಥಿತಿಸ್ಥಾಪಕತ್ವ. ಹೇಳಿ."

ಇದು ಹೊಸ ಕಷ್ಟ. ಖಾಜಾಬೀ ಶುರುಮಾಡಿದಳು. ಮೇಡಂ ಹ್ಞೂಂ ಅಂದರು. ಖಾಜಾಬೀ ಇನ್ನೊಂದು ಮಾತು ಹೇಳಿದಳು. ಅದೇ ಹ್ಞೂಂ, ಅಷ್ಟೇ ಉದ್ದದ್ದು. ಹೊಲಿಗೆ ಯಂತ್ರ ತುಳಿದಂತೆ. ಸುಳ್ಳು ಹ್ಞೂಂ ಎಂದು ಅವಳಿಗೆ ತಿಳಿದುಹೋಯಿತು. ಎಲ್ಲ ವಸ್ತುಗಳಿಗೂ ಬೆಲೆ ಏರಿದರೆ ಬೇಡಿಕೆ ಒಂದೇ ಸಮ ಇಳಿಯುತ್ತದೆ ಎಂದು ಬಾಯಿತಪ್ಪಿ ಹೇಳಿದ್ದಕ್ಕೂ ಹ್ಞೂಂ ಬಂತು. ಖಾಜಾಬೀ ಮುಂದೆ ಹೋಗಲಿಲ್ಲ.

"ಮೇಡಂ, ಇಲ್ಲಿ ನಮ್ಮ ಅತ್ತಿ ಇದ್ದಿದ್ರ ಹ್ಞೂಂ ಅಂತಿರಲಿಲ್ರಿ."

"ಯಾಕೆ?"

"ಉಪ್ಪಿನ ಬೆಲಿ ಏರಿದ್ರ ಉಪ್ಪು ಬಿಡ್ತೀಯೇನ ಅಂತ ಕೇಳ್ತಿದ್ದಳ್ರಿ. ಬಿಡಂಗಿಲ್ಲ. ಏರಿದ್ರೂ ತರ್ತೀವಿ, ಇಳಿದ್ರೂ ಹೆಚ್ಚಿಗೆ ತಿನ್ನಂಗಿಲ್ಲ. ಅಂದ್ಮ್ಯಾಲ ಉಪ್ಪಿನ ಬೇಡಿಕಿ ಸ್ಥಿತಿಸ್ಥಾಪಕ ಅಲ್ಲರಿ. ರೇಷ್ಮಿ ಸೀರಿ ಬೆಲಿ ಏರಿದ್ರ ಮುಂದಿನ ವರ್ಷ ನೋಡೋಣಂತೀವಿ. ಅದು ಸ್ಥಿತಿಸ್ಥಾಪಕ. ನಾ ಮೊದಲು ಎಲ್ಲಾ ಒಂದೇ ಅಂದಿದ್ದು ತಪ್ಪಾತ್ರಿ. ಅದಕ್ಕೂ ನೀವು ಹ್ಞೂಂ ಅಂದ್ರಿ," ಎಂದು ಸ್ವಲ್ಪ ಆಕ್ಷೇಪಣೆಯ ದನಿಯಲ್ಲೇ ಮುಗಿಸಿದಳು.

ಈ ಸಲ ಮೇಡಂ ನಕ್ಕದ್ದು ನನಗೂ ಕೇಳಿಸಿತು. "ಸಾಕು. ಹಾಲ್ ಟಿಕೆಟ್ ಬರುತ್ತೆ. ಆದರೆ ಕ್ಲಾಸಿನಲ್ಲಿ ಮಾತ್ರ ಮ್ಯೂಟೇ, ಹೇಳಿರ್ತೀನಿ."

ಖಾಜಾಬೀ ಫೋನು ಆರಿಸುವ ಮುಂಚೆ ಮೇಡಂಗೆ ಊಟವಾಯಿತೇ ಎಂದು ಕೇಳಿಬಿಟ್ಟಳು. ಆಗಿಲ್ಲ ಎಂದರು. ಮಕ್ತುಂಬಿ ಇದನ್ನು ಕೇಳಿ, "ನಾ ಅವತ್ತೇ ಹೇಳಿದ್ನಿಲ್ಲ, ದನಿ ಸೋತದಂತ," ಎಂದರು.

ಮುಖ್ಯ ಪರೀಕ್ಷೆ ಯಾದಗಿರಿಯಲ್ಲಿ, ಕಾಗದದ ಮೇಲೆ. ಕಾಗದ ಹ್ಞೂಂ ಅನ್ನುವುದಿಲ್ಲವಲ್ಲ ಎಂದು ನಾನು ಮತ್ತೆ ಚಿಂತೆಗೆ ಬಿದ್ದೆ. ಖಾಜಾಬೀ ನನ್ನನ್ನೇ ಸಮಾಧಾನ ಮಾಡಬೇಕಾಯಿತು. "ಬರಿಯೋದು ಬ್ಯಾರೆ ಬಿಡ್ರಿ ಅಕ್ಕಾರ. ಪತ್ರ ಬರದಂಗ. ಉತ್ತರ ಆಮ್ಯಾಲ ಬರ್ತದ." ಹಾಶಿಮ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದ. ಹೇಗೆ ಬರೆದಳೆಂದು ನಾನು ಅವನನ್ನು ಕೇಳಿದೆ. "ಬರದಾಳ್ರಿ," ಎಂದ. ಆ ತಿಂಗಳು ಅವನು ನನ್ನೊಡನೆ ಆಡಿದ ಮಾತು ಅದೊಂದೇ.

ಫಲಿತಾಂಶ ಬಂದಾಗ ಅರ್ಥಶಾಸ್ತ್ರದಲ್ಲಿ ಅವಳು ಪಾಸಾಗಿದ್ದಳು. ಬಹಳ ಮೇಲೇನಲ್ಲ, ಆದರೆ ಯಾವ ಕಡೆಗೆ ತಿರುಗಿಸಿ ನೋಡಿದರೂ ಪಾಸೇ. ಶಹಾಪುರದ ಹಾಸ್ಟೆಲಿನವರು ಮುಂದಿನ ಸೋಮವಾರವೇ ಬನ್ನಿ ಎಂದರು.

ಆ ಸೋಮವಾರ ಬೆಳಿಗ್ಗೆ ನಾನು ಮಗಳನ್ನು ಎತ್ತಿಕೊಂಡು ಕೆಳಗಿಳಿದೆ. ಬಸ್‌ ನಿಲ್ದಾಣದ ತನಕ ಬಿಡಲು ಹಾಶಿಮ ಬೈಕು ಚಾಲೂ ಮಾಡಿ ನಿಂತಿದ್ದ. ಖಾಜಾಬೀ ಹೊಸ ಸೀರೆ ಉಟ್ಟು, ತೋಳಿಗೆ ಚೀಲ ಹಾಕಿಕೊಂಡು ಹೊಸ್ತಿಲು ದಾಟಿದಳು. ಬುತ್ತಿ ಇಟ್ಟುಕೊಂಡರೋ, ನೀರು ಇಟ್ಟುಕೊಂಡರೋ, ಬಿಸಿಲಿಗೆ ಕೊಡೆ ಇದೆಯೋ ಎಂದು ನಾನು ಕೇಳುತ್ತಲೇ ಇದ್ದೆ. ಅವಳು ಎಲ್ಲಕ್ಕೂ ಹೌದು ಎನ್ನುತ್ತಲೇ ಕಟ್ಟೆ ದಾಟುವಷ್ಟರಲ್ಲಿ ಮಕ್ತುಂಬಿ ಅವಳ ಸೆರಗು ಹಿಡಿದರು.

"ಹೋಗ್ತೀಯಲ್ಲ, ಆ ಅ‍ಂಗಡಿಯವನ ಕಥಿ ಅರ್ಧಕ್ಕ ಬಿಟ್ಟಿ."

"ಯಾವ ಅಂಗಡಿಯವನು ಅಮ್ಮೀ?"

"ಊರಿಗೆಲ್ಲಾ ಒಬ್ಬಂದೇ ಅಂಗಡಿ ಅಂದೆಲ್ಲ. ತನಗ ಬೇಕಾದ ಬೆಲಿ ಹಚ್ತಾನ ಅಂದಿ. ಮುಂದ ಅವನ ಗತಿ ಏನಾತು?"

"ಏಕಸ್ವಾಮ್ಯ," ಎಂದರು ಗುರುಲಿಂಗಮ್ಮ. ಹಲ್ಲಿಲ್ಲದ ಬಾಯಲ್ಲಿ ಆ ಮಾತು ಹೊರಡಿಸಲು ಅವರು ವಾರವಿಡೀ ಕಷ್ಟಪಟ್ಟಂತಿತ್ತು. ಗೊಲ್ಲಾಳಮ್ಮ ಆಗಲೇ ಜಾಗ ಹಿಡಿದಿದ್ದಳು.

"ಪರೀಕ್ಷಿ ಮುಗೀತು ಅಮ್ಮೀ, ನಾ ಪಾಸೂ ಆದೆ!"

"ನೀ ಪಾಸಾದಿ. ನಮಗ ಕಥಿ ಮುಗದಿಲ್ಲ."

"ಬಸ್ಸು ಹೋಗ್ತದ."

"ಇನ್ನೊಂದು ಬರ್ತದ. ಶಹಾಪುರಕ್ಕ ಒಂದೇ ಬಸ್ಸೇನು?"

"ಬಸ್ಸು ಭಾಳ ಅವ, ಎಲ್ಲಾ ಸರಕಾರದ್ದೇ, ಒಬ್ಬರವೇ..." ಎಂದ ಖಾಜಾಬೀ ಅಲ್ಲೇ ನಿಂತಳು. ಅವಳ ಮುಖ ಬದಲಾದದ್ದನ್ನು ನಾನು ಕಂಡೆ. "ಅಮ್ಮೀ, ಬಸ್ಸೂ ಹಂಗೇ ನೋಡು. ಟಂಟಂ ಆಟೋ ಬರೋತನಕ ಸರಕಾರದವ್ರು ಹೇಳಿದ್ದೇ ಟೈಮು ಆಗಿತ್ತು, ಹೌದಿಲ್ಲೋ?"

"ಹ್ಞೂಂ," ಎಂದರು ಮೂವರೂ.

ಖಾಜಾಬೀ ಚೀಲವನ್ನು ತೋಳಿನಿಂದ ಇಳಿಸಿ ಕಟ್ಟೆಯ ಅಂಚಿಗೆ ಕೂತಳು. ತಡವಾದರೆ ಹಾಸ್ಟೆಲಿನವರು ಏನಂದಾರೋ ಎಂದು ಹೇಳಲು ನಾನು ಬಾಯಿ ತೆರೆದೆ. ಯಾರೂ ನನ್ನ ಕಡೆ ನೋಡಲಿಲ್ಲ. ಹಾಶಿಮ ಬೈಕಿನ ಎಂಜಿನ್ ಆರಿಸಿದ.